ಹುಳದ ಮನೆಗೆ ತರದ ಹನಿ

ಹೋಳೂರಿನ ಶಾಲೆಯಲ್ಲಿ ಕಣ್ಣಿನ ಕ್ಯಾಂಪು ಹಾಕಿದ್ದಾರೆ ಎಂದು ಕೇಳಿ ಅಪ್ಪಾಜಪ್ಪ ಹೋದದ್ದು ಕನ್ನಡಕಕ್ಕೆ. ಕಣ್ಣಿಗೆ ಏನೋ ಆಗಿದೆ ಎಂದು ಅವನಿಗೂ ಅನ್ನಿಸಿರಲಿಲ್ಲ, ಮನೆಯವರಿಗೂ ಅನ್ನಿಸಿರಲಿಲ್ಲ. ಹತ್ತಿರದ್ದು ಕೊಂಚ ಮಸುಕು, ಅಷ್ಟೆ. ಅರವತ್ತು ದಾಟಿದವನಿಗೆ ಅದೇನು ದೊಡ್ಡದು. ಕ್ಯಾಂಪಿನ ಹುಡುಗಿ ಅವನನ್ನು ಒಂದು ಯಂತ್ರದ ಮುಂದೆ ಕೂರಿಸಿ, ಗದ್ದ ಇಡಿಸಿ, ಕಣ್ಣಿಗೆ ಫುಸ್ಸೆಂದು ಗಾಳಿ ಬಿಟ್ಟಳು. ಅವನು ಬೆಚ್ಚಿ ಹಿಂದಕ್ಕೆ ಸರಿದ. ಅವಳು ಯಂತ್ರ ನೋಡಿದಳು, ಮತ್ತೆ ಬಿಟ್ಟಳು, ಇನ್ನೊಮ್ಮೆ ಬಿಟ್ಟಳು.

"ತಾತ, ನಿಮ್ಮ ಕಣ್ಣೊಳಗೆ ಒತ್ತಡ ಜಾಸ್ತಿ ತೋರಿಸ್ತಿದೆ. ಬಲಗಡೆ ಮೂವತ್ನಾಲ್ಕು, ಎಡಗಡೆ ಇಪ್ಪತ್ತೆಂಟು. ಇಪ್ಪತ್ತೊಂದರ ಒಳಗಿರಬೇಕು. ಕೋಲಾರಕ್ಕೆ ಹೋಗಿ ದೊಡ್ಡ ಡಾಕ್ಟ್ರಿಗೆ ತೋರಿಸಿ."

"ನೋವೇನಿಲ್ಲವಲ್ಲಮ್ಮ ನಂಗೆ?"

"ನೋವಿರಲ್ಲ ತಾತ. ಅದಕ್ಕೇ ಹೇಳ್ತಿರೋದು."

ಕನ್ನಡಕ ಸಿಗಲಿಲ್ಲ. ಒಂದು ಚೀಟಿ ಸಿಕ್ಕಿತು. ಅದನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದ.

ಅಪ್ಪಾಜಪ್ಪ ರೇಷ್ಮೆ ಹುಳ ಮೇಯಿಸುವವನು. ಅವನ ಅಪ್ಪನ ಕಾಲದಿಂದಲೂ ಅದೇ ಕಸುಬು. ಈಗ ತೋಟ, ನೀರು, ಮಾರುಕಟ್ಟೆ ಎಲ್ಲ ಮಗ ಮುನೇಶನ ಪಾಲಿನದು. ಹೊತ್ತುಹೊತ್ತಿಗೆ ಹುಳಕ್ಕೆ ಸೊಪ್ಪು ಹಾಕುವುದು ಹೆಂಡತಿ ಆವಲಮ್ಮ ಮತ್ತು ಸೊಸೆ ಶ್ಯಾಮಲಾ. ಆದರೆ ಹುಳ ಹಣ್ಣಾಗುವ ದಿನ ಮಾತ್ರ ತೋಟದಲ್ಲಿದ್ದ ಹುಳದ ಮನೆಗೆ ಅಪ್ಪಾಜಪ್ಪನೇ ಯಜಮಾನ. ಹಣ್ಣಾದ ಹುಳ ಮೇಯುವುದನ್ನು ಬಿಟ್ಟು, ಮೈ ಗಾಜಿನ ಹಾಗಾಗಿ, ತಲೆಯೆತ್ತಿ ಗಾಳಿಯಲ್ಲಿ ಏನನ್ನೋ ಹುಡುಕುತ್ತ ಕೂರುತ್ತದೆ. ಅದನ್ನು ಆ ಹೊತ್ತಿಗೇ ಆರಿಸಿ, ಗೂಡು ಕಟ್ಟುವುದಕ್ಕೆಂದು ಇಟ್ಟ ಚಂದ್ರಿಕೆಯ ಮೇಲೆ ಬಿಡಬೇಕು. ಬೇಗ ಬಿಟ್ಟರೆ ಗೂಡು ತೆಳುವಾಗುತ್ತದೆ, ತಡವಾದರೆ ಹುಳ ಸೊಪ್ಪಿನ ಸಂದಿಯಲ್ಲೇ ನೂಲು ಸುತ್ತಿಕೊಂಡು ದಂಡವಾಗುತ್ತದೆ. ಸಾವಿರಾರು ಹುಳದ ನಡುವೆ ಯಾವುದು ಹಣ್ಣು, ಯಾವುದಕ್ಕೆ ಇನ್ನೊಂದು ಮೇವು ಬೇಕು ಎಂಬುದನ್ನು ಅಪ್ಪಾಜಪ್ಪ ನಡೆದು ಹೋಗುತ್ತಲೇ ಹೇಳಿಬಿಡುತ್ತಿದ್ದ. ಅಕ್ಕಪಕ್ಕದ ಊರಿನವರು ಕೂಡ "ಒಂದ್ ಗಳಿಗೆ ಬಂದು ನೋಡಿ ಹೋಗಣ್ಣ" ಎಂದು ಕರೆದುಕೊಂಡು ಹೋಗುತ್ತಿದ್ದರು.

ಆ ಮನೆಗೊಂದು ಕಟ್ಟಳೆ ಇತ್ತು. ಹುಳದ ಮನೆಗೆ ಔಷಧಿ ಅನ್ನುವುದು ಬರಕೂಡದು.

ಅದು ಸುಮ್ಮನೆ ಹುಟ್ಟಿದ ಕಟ್ಟಳೆಯಲ್ಲ. ಅಪ್ಪಾಜಪ್ಪ ಚಿಕ್ಕವನಿದ್ದಾಗ ಮುಳಬಾಗಿಲು ಕಡೆಯಿಂದ ಬಂದ ಅವನ ಸೋದರತ್ತೆ, ಹೊಗೆಸೊಪ್ಪು ತಿಕ್ಕಿದ ಕೈಯಲ್ಲೇ ಪ್ರೀತಿಗೆಂದು ನಾಲ್ಕು ತಟ್ಟೆಗೆ ಸೊಪ್ಪು ಹಾಕಿದ್ದಳು. ಮಾರನೆಯ ಬೆಳಿಗ್ಗೆ ಆ ತಟ್ಟೆಯ ಹುಳಗಳೆಲ್ಲ ತಲೆ ಹಿಂದಕ್ಕೆಸೆದು ಹಸಿರು ಕಕ್ಕುತ್ತಿದ್ದವು. ಇನ್ನೊಂದು ಸಲ, ಅವನಿಗೆ ಮೀಸೆ ಬಂದ ಮೇಲೆ, ಪಕ್ಕದ ಹೊಲದವನು ಟೊಮೆಟೊಗೆ ಹೊಡೆದ ಔಷಧಿ ಗಾಳಿಯಲ್ಲಿ ತೇಲಿ ಸೊಪ್ಪಿನ ಮೇಲೆ ಕೂತು, ನಾಲ್ಕನೆಯ ಜ್ವರ ಎದ್ದ, ಅಂದರೆ ಕೊನೆಯ ಸಲ ಪೊರೆ ಕಳಚಿದ ಹುಳ, ಇನ್ನೇನು ಹಣ್ಣಾಗಬೇಕಾದ ಹುಳ, ಇಡೀ ಬೆಳೆಯೇ ಹೋಯಿತು. ಅಪ್ಪ ಗುಂಡಿ ತೋಡಿ, ಸುಣ್ಣ ಸುರಿದು, ಬುಟ್ಟಿ ಬುಟ್ಟಿ ಹುಳವನ್ನು ಮಣ್ಣು ಮಾಡಿದ. ಕೆಲವು ಇನ್ನೂ ಆಡುತ್ತಿದ್ದವು. ಆ ಮೇಲೆ ಮನೆಯಲ್ಲಿ ತಲೆನೋವಿನ ಮುಲಾಮು ಹಚ್ಚಿಕೊಂಡವರು ಕೂಡ ಹುಳದ ಹತ್ತಿರ ಸುಳಿಯುವಂತಿರಲಿಲ್ಲ. ತರಬೇತಿಗೆ ಬಂದ ಸಾಹೇಬರೂ ಔಷಧಿ ಮುಟ್ಟಿದ ಕೈಯಲ್ಲಿ ಹುಳ ಮುಟ್ಟಬೇಡಿ ಅಂದಿದ್ದರು. ಅವರು ಹೇಳಿದ್ದು ಯಾವ ಔಷಧಿ ಎಂದು ಅಪ್ಪಾಜಪ್ಪ ಕೇಳಲಿಲ್ಲ. ಔಷಧಿ ಅಂದರೆ ಔಷಧಿ.

ಗೂಡು ಮಾರಿ ಕೈ ಬಿಡುವಾದ ಮೇಲೆ ಅವನು ಆವಲಮ್ಮನನ್ನು ಕರೆದುಕೊಂಡು ಕೋಲಾರದ ಕಣ್ಣಿನ ಆಸ್ಪತ್ರೆಗೆ ಹೋದ.

ಡಾಕ್ಟರು ಚಂದನ ಅಂತ, ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗಾಳಿಯ ಯಂತ್ರದ ಲೆಕ್ಕವನ್ನೇ ಅವಳು ನಂಬಲಿಲ್ಲ. ಕಣ್ಣಿಗೆ ಮರಗಟ್ಟುವ ಹನಿ ಹಾಕಿ, ಹಳದಿ ಬಣ್ಣ ಮುಟ್ಟಿಸಿ, ನೀಲಿ ದೀಪದ ಹಿಂದೆ ಕೂತು ಕಣ್ಣಗುಡ್ಡೆಗೇ ಏನನ್ನೋ ತಾಗಿಸಿ ಅಳೆದಳು. ಕಣ್ಣಿನ ಮುಂದಿನ ಪರದೆ ಎಷ್ಟು ದಪ್ಪ ಎಂದು ಅಳೆದಳು. ಕನ್ನಡಿಯಿದ್ದ ಒಂದು ಗಾಜನ್ನು ಕಣ್ಣಿಗಿಟ್ಟು ಮೂಲೆ ಮೂಲೆ ನೋಡಿದಳು. ಆಮೇಲೆ ಅವನನ್ನು ಕತ್ತಲೆ ಕೋಣೆಯಲ್ಲಿ ಬಿಳಿಯ ದೊಡ್ಡ ಬೋಗುಣಿಯಂಥದರ ಮುಂದೆ ಕೂರಿಸಿದರು. ಒಂದು ಕಣ್ಣು ಮುಚ್ಚಿ, ಕೈಗೊಂದು ಗುಂಡಿ ಕೊಟ್ಟರು. ನಡುವಿನ ಚುಕ್ಕೆಯನ್ನೇ ನೋಡಬೇಕು, ಪಕ್ಕದಲ್ಲೆಲ್ಲೋ ಮಿಣುಕು ಕಂಡರೆ ಗುಂಡಿ ಒತ್ತಬೇಕು.

ಅಪ್ಪಾಜಪ್ಪ ಶಾಲೆಗೆ ಹೋದದ್ದು ಕಡಿಮೆ. ಪರೀಕ್ಷೆ ಅಂದರೆ ಅವನಿಗೆ ಈಗಲೂ ನಡುಕ. ಫೇಲಾಗಬಾರದೆಂದು ಟಕಟಕ ಒತ್ತುತ್ತಲೇ ಇದ್ದ.

"ತಾತ, ಏನ್ ತಾತ ಮಾಡ್ತಿದ್ದೀರಾ?" ಎಂದಳು ಪಕ್ಕದಲ್ಲಿ ನಿಂತಿದ್ದ ನರ್ಸು. "ಲೈಟೇ ಬಂದಿಲ್ಲ, ಆಗಲೇ ಒತ್ತಿಬಿಟ್ರಿ!"

"ಬರೋದಿದ್ಯಲ್ಲಮ್ಮ ಅಂತ."

"ಬರೋದಕ್ಕಲ್ಲ, ಬಂದಿದ್ದಕ್ಕೆ. ಕಂಡ್ರೆ ಒತ್ತಿ, ಕಾಣದಿದ್ರೆ ಸುಮ್ನಿರಿ. ಇಲ್ಲಿ ಪಾಸು ಫೇಲು ಇಲ್ಲ."

ಮತ್ತೆ ಮೊದಲಿಂದ ಮಾಡಿಸಿದರು. ಈ ಸಲ ಅವನು ಕಂಡದ್ದಕ್ಕೆ ಮಾತ್ರ ಒತ್ತಿದ. ಬಲಗಣ್ಣಿನ ಸರದಿಯಲ್ಲಿ ಗುಂಡಿಯ ಸದ್ದೇ ಬಹಳ ಹೊತ್ತು ಕೇಳಲಿಲ್ಲ.

ಹೊರಬಂದ ಹಾಳೆಯನ್ನು ಡಾಕ್ಟರು ಅವರ ಮುಂದೆ ಇಟ್ಟಳು. ಬಲಗಣ್ಣಿನ ಚಿತ್ರದಲ್ಲಿ ಅರ್ಧಕ್ಕೆ ಮೇಲೆ ಮಸಿ ಬಳಿದಂತಿತ್ತು. ಎಡಗಣ್ಣಿನ ಅಂಚಿನಲ್ಲಿ ಬೂದಿ ಬಣ್ಣದ ಒಂದು ತುಣುಕು.

"ಕಪ್ಪಗಿರೋದೆಲ್ಲ ನಿಮಗೆ ಕಾಣದ ಜಾಗ."

"ನಂಗೆಲ್ಲ ಕಾಣ್ತದಲ್ಲಮ್ಮ. ನೀವು ಕಾಣ್ತೀರಾ, ಈ ಗೋಡೆ ಕಾಣ್ತದೆ."

"ನೇರಕ್ಕೆ ಇರೋದು ಕಾಣ್ತದೆ. ಪಕ್ಕದ್ದು ಹೋಗಿದೆ. ಒಂದು ಕಣ್ಣು ಕಳಕೊಂಡಿದ್ದನ್ನ ಇನ್ನೊಂದು ತುಂಬಿಸ್ತಾ ಇರ್ತದೆ, ಅದಕ್ಕೇ ಯಾರಿಗೂ ಗೊತ್ತಾಗಲ್ಲ. ಇದಕ್ಕೆ ಗ್ಲಾಕೋಮಾ ಅಂತಾರೆ. ಕಣ್ಣೊಳಗೆ ನೀರು ಬರ್ತಾನೇ ಇರ್ತದೆ, ಹೋಗೋ ದಾರಿ ಕಟ್ಟಿಕೊಂಡಿದೆ. ಒತ್ತಡ ಏರಿ ಹಿಂದಿನ ನರ ಸವೀತದೆ. ನರ ಅಂದ್ರೆ ನೂಲಿನ ಕಂತೆ ಅನ್ಕೊಳ್ಳಿ. ಒಂದೊಂದೇ ಎಳೆ ಹೋಗ್ತದೆ. ಹೋದ ಎಳೆ ತಿರುಗಿ ಬರಲ್ಲ. ನಿಮ್ಮನೇಲಿ ಮುಂಚೆ ಯಾರಿಗಾದ್ರೂ ಕಣ್ಣು ಹೋಗಿತ್ತಾ?"

ಅಪ್ಪಾಜಪ್ಪ ಆವಲಮ್ಮನ ಕಡೆ ತಿರುಗಿದ. ಅವನ ಅಪ್ಪ ಕೊನೆಯ ವರ್ಷಗಳಲ್ಲಿ ಗೋಡೆ ತಡವಿಕೊಂಡು ಕೊಟ್ಟಿಗೆಗೆ ಹೋಗುತ್ತಿದ್ದ. ದನದ ಬೆನ್ನು ಸವರಿ ಅದರ ಹೆಸರು ಹೇಳುತ್ತಿದ್ದ. ಪೊರೆ ಬಂದಿದೆ, ವಯಸ್ಸಾಯಿತು ಅಂದುಕೊಂಡು ಯಾರೂ ಎಲ್ಲಿಗೂ ಕರೆದುಕೊಂಡು ಹೋಗಿರಲಿಲ್ಲ. ಊಟದ ತಟ್ಟೆಯಲ್ಲಿ ಮುದ್ದೆ ಯಾವ ಕಡೆ ಇದೆಯೆಂದು ಹುಡುಕುತ್ತಿದ್ದ ಆ ಕೈ ಅವನ ಕಣ್ಣ ಮುಂದೆ ಬಂತು.

"ಮಾವನೋರಿಗೆ ಎರಡೂ ಹೋಗಿತ್ತು" ಎಂದಳು ಆವಲಮ್ಮ.

"ಹಾಗಾದ್ರೆ ಮಗನ್ನೂ ಕರ್ಕೊಂಡು ಬನ್ನಿ. ನೋಡಬೇಕು." ಡಾಕ್ಟರು ಒಂದು ಚಿಕ್ಕ ಬಾಟಲಿ ಬರೆದುಕೊಟ್ಟಳು. "ಬೆಳಿಗ್ಗೆ ಒಂದು ಹನಿ, ಸಂಜೆ ಒಂದು ಹನಿ, ಎರಡು ಕಣ್ಣಿಗೂ. ಇದು ಇರೋದನ್ನ ಉಳಿಸೋಕೆ. ಹೋಗಿರೋದನ್ನ ತರಲ್ಲ. ಬಿಡದೆ ಹಾಕಬೇಕು, ಜೀವ ಇರೋವರೆಗೂ."

ಮನೆಗೆ ಬಂದ ವಾರದೊಳಗೆ, ಮರಿಹುಳ ಸಾಕಿ ಕೊಡುವ ಚಾಕಿ ಕೇಂದ್ರದಿಂದ ಹೊಸ ಹುಳ ಬಂತು. ಕಡ್ಡಿಯಷ್ಟು ತೆಳ್ಳಗಿನ ಮರಿಗಳು, ಸೊಪ್ಪಿನ ಮೇಲೆ ಬಿಟ್ಟರೆ ಮಳೆ ಹನಿಯ ಹಾಗೆ ಮೇಯುವ ಸದ್ದು. ಅಪ್ಪಾಜಪ್ಪ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ, ಹುಳದಿಂದ ದೂರ ಇರಲೆಂದು ತಾವು ವಾಸವಿದ್ದ ಊರ ಮನೆಯ ಅಟ್ಟದ ಮೇಲೆ ಇಟ್ಟ.

"ಹಾಕ್ಕೊಳ್ಳಲ್ವೇನಯ್ಯೋ?" ಆವಲಮ್ಮ ಕೇಳಿದಳು.

"ಹುಳ ಬಂದವಲ್ಲೇ. ಕಣ್ಣಿಂದ ಇಳಿದು ಕೆನ್ನೆಗೆ ಬರ್ತದೆ. ಕೆನ್ನೆ ಒರೆಸ್ಕೊಂಡ ಕೈ ಸೊಪ್ಪಿಗೆ ಹೋಗ್ತದೆ. ಗೂಡು ಕಟ್ಟಲಿ, ಆಮೇಲೆ ಹಾಕ್ಕೋತೀನಿ."

ಆವಲಮ್ಮನಿಗೂ ಅದು ಸರಿಯೆನಿಸಿತು. ಆ ಮನೆಗೆ ಬಂದಾಗಿನಿಂದ ಅವಳೂ ಅದೇ ಕಟ್ಟಳೆಯಲ್ಲಿ ಬಾಳಿದವಳು. ಒಮ್ಮೆ ಮುನೇಶನಿಗೆ ಕಜ್ಜಿಯಾಗಿ ಮುಲಾಮು ಹಚ್ಚಿದಾಗ ಹುಳ ಹಣ್ಣಾಗುವವರೆಗೂ ಮಗುವನ್ನು ತವರಲ್ಲಿ ಬಿಟ್ಟು ಬಂದಿದ್ದಳು.

ಹೀಗೆ ನಡೆಯಿತು. ಹುಳ ಮನೆಗೆ ಬಂದ ದಿನ ಬಾಟಲಿ ಅಟ್ಟಕ್ಕೆ ಏರುತ್ತಿತ್ತು. ಕೊನೆಯ ಹುಳ ಚಂದ್ರಿಕೆ ಹತ್ತಿ ಗೂಡು ಮುಚ್ಚಿಕೊಂಡ ಮೇಲೆ ಕೆಳಗಿಳಿಯುತ್ತಿತ್ತು. ಆಗ ಅಪ್ಪಾಜಪ್ಪ ತಪ್ಪದೆ, ಬೆಳಿಗ್ಗೆ ಸಂಜೆ, ತಲೆ ಹಿಂದಕ್ಕೆ ಬಾಗಿಸಿ ಕೂರುತ್ತಿದ್ದ. ಆವಲಮ್ಮ ಹನಿ ಹಾಕುತ್ತಿದ್ದಳು. ಗೂಡು ಬಿಡಿಸಿ, ಮಾರಿ, ಹುಳದ ಮನೆ ತೊಳೆದು, ಬ್ಲೀಚಿಂಗು ಹೊಡೆದಾದ ಮೇಲೆ ಒಂದು ದಿನ ಬಿಡುವು ಮಾಡಿಕೊಂಡು ಆಸ್ಪತ್ರೆಗೆ ಹೋಗುತ್ತಿದ್ದರು. ಹುಳ ಇರುವಾಗ ಹೋಗಲು ಆಗುವುದೇ ಇಲ್ಲವಲ್ಲ. ಹಾಗಾಗಿ ಡಾಕ್ಟರ ಮುಂದೆ ಕೂರುವ ಹೊತ್ತಿಗೆ ಅವನ ಕಣ್ಣು ದಿನವೂ ಔಷಧಿ ಕುಡಿದ ಕಣ್ಣೇ ಆಗಿರುತ್ತಿತ್ತು.

"ಹದಿನಾರು, ಹದಿನೈದು. ತುಂಬಾ ಚೆನ್ನಾಗಿದೆ" ಎನ್ನುತ್ತಿದ್ದಳು ಡಾಕ್ಟರು. "ಹನಿ ಹಾಕ್ತಿದ್ದೀರಾ ತಾನೇ?"

"ಹಾಕ್ತಿದ್ದೀನಮ್ಮ."

ಅದರಲ್ಲಿ ಸುಳ್ಳಿದೆ ಎಂದು ಅವನಿಗೆ ಒಂದು ಸಲವೂ ಹೊಳೆಯಲಿಲ್ಲ.

ಮುನೇಶನನ್ನೂ ತೋರಿಸಿದರು. ಅವನ ಒತ್ತಡ ಇಪ್ಪತ್ತನಾಲ್ಕು ಬಂತು. ಆದರೆ ಡಾಕ್ಟರು ಎಲ್ಲ ಪರೀಕ್ಷೆ ಮುಗಿಸಿ, "ಇವರ ಕಣ್ಣಿನ ಪರದೆ ದಪ್ಪ. ಪರದೆ ದಪ್ಪ ಇದ್ರೆ ಲೆಕ್ಕ ಇರೋದಕ್ಕಿಂತ ಜಾಸ್ತಿ ತೋರಿಸ್ತದೆ. ನರ ಚೆನ್ನಾಗಿದೆ, ಪಕ್ಕದ ನೋಟಾನೂ ಪೂರಾ ಇದೆ. ಈಗ ಔಷಧಿ ಬೇಡ, ವರ್ಷಕ್ಕೊಂದ್ಸಲ ಬಂದು ತೋರಿಸಿ. ಬರೀ ಲೆಕ್ಕ ನೋಡಿ ರೋಗ ಹೇಳೋಕಾಗಲ್ಲ" ಎಂದಳು.

ಈ ಮಾತು ಅಪ್ಪಾಜಪ್ಪನ ತಲೆಯಲ್ಲಿ ಬೇರೆಯೇ ಥರ ಕೂತಿತು. ಇಪ್ಪತ್ತನಾಲ್ಕು ಇರುವ ಮಗನಿಗೆ ಹನಿಯೇ ಬೇಡ. ತನ್ನದು ಹದಿನಾರು. ಮಗನಿಗಿಂತ ತನ್ನ ಕಣ್ಣೇ ಗಟ್ಟಿ. ಬೆಳೆಯ ನಡುವೆ ನಾಲ್ಕು ದಿನ ಬಿಟ್ಟರೆ ಏನಾದೀತು?

ರಾಯಲ್ಪಾಡಿನಿಂದ ಆವಲಮ್ಮನ ತಮ್ಮ ಶ್ರೀರಾಮಪ್ಪ ಮಾವಿನಹಣ್ಣು ತಂದವನು ಇದನ್ನು ಕೇಳಿ ಜಗುಲಿಯ ಮೇಲೆ ಬಿದ್ದು ನಕ್ಕ.

"ಏಂ ಬಾವಾ, ಊರಲ್ಲಿ ಯಾರ ಬೋರ್‌ವೆಲ್ಲಲ್ಲೂ ಪ್ರೆಶರ್ ಇಲ್ಲ, ನಿನ್ನ ಕಣ್ಣಲ್ಲಿ ಮೂವತ್ನಾಲ್ಕಾ! ಒಂದು ಪೈಪು ಹಾಕಿ ತೋಟಕ್ಕೆ ಬಿಡಪ್ಪಾ."

"ನಿನ್ನ ತಲೇಲಿರೋ ನೀರು ಸಾಕು ಬಿಡೋ, ನಮ್ ತೋಟಕ್ಕೆ" ಎಂದ ಅಪ್ಪಾಜಪ್ಪ.

"ಏಮೀ ಕಾದು ಬಾವಾ, ಏನೂ ಆಗಲ್ಲ. ಈಗ ಇಳಿದಿದೆಯಲ್ಲ, ಇನ್ನೇನು."

ಎಲ್ಲರೂ ನಕ್ಕರು. ಅಪ್ಪಾಜಪ್ಪನೂ ನಕ್ಕ. ಹಾಗೆ ಮನೆ ತುಂಬ ನಕ್ಕಿದ್ದು ಅದೇ ಕೊನೆಯಿರಬೇಕು.

ಮೊದಲು ಗಮನಿಸಿದವಳು ಶ್ಯಾಮಲಾ. ಹುಳ ಹಣ್ಣಾಗುವ ದಿನ ಮಾವ ಮುಂದೆ ಮುಂದೆ ಆರಿಸುತ್ತ ಹೋದರೆ ಬಲಗಡೆಯ ಅಂಚಿನಲ್ಲಿ ಒಂದು ಪಟ್ಟಿ ಹುಳ ಹಾಗೇ ಉಳಿಯುತ್ತಿತ್ತು. ಹಣ್ಣಾದವೇ, ತಲೆಯೆತ್ತಿ ಕಾಯುತ್ತಿದ್ದಂಥವೇ. ಅವಳು ಏನೂ ಹೇಳದೆ ಹಿಂದಿನಿಂದ ಬಂದು ಅವನ್ನು ಆರಿಸಿ ಚಂದ್ರಿಕೆಗೆ ಬಿಡತೊಡಗಿದಳು. ಮುಂದಿನ ಬೆಳೆಗೆ ಆ ಪಟ್ಟಿ ಅಗಲವಾಯಿತು. ಅದರ ಮುಂದಿನ ಬೆಳೆಗೆ ಇನ್ನಷ್ಟು.

ಒಂದು ದಿನ ಅಪ್ಪಾಜಪ್ಪ ಕೊನೆಯವರೆಗೆ ಹೋದವನು ಯಾಕೋ ಥಟ್ಟನೆ ಹಿಂದಕ್ಕೆ ತಿರುಗಿದ. ಸೊಸೆಯ ಸೆರಗಿನ ತುಂಬ ಹುಳ. ಅವನು ದಾಟಿ ಬಂದ ಜಾಗದವು.

"ಏನಮ್ಮ ಅದು?"

ಶ್ಯಾಮಲಾ ತಡವರಿಸಿದಳು. "ಈಗ ಹಣ್ಣಾದವು ಮಾವ. ನೀವು ಹೋದ ಮೇಲೆ."

ಅಪ್ಪಾಜಪ್ಪ ಬಗ್ಗಿ ಒಂದು ಹುಳವನ್ನು ಎತ್ತಿ ನೋಡಿದ. ಅದು ಆಗಲೇ ನೂಲು ಬಿಡಲು ಶುರುಮಾಡಿತ್ತು. ಎಷ್ಟು ಹೊತ್ತಿನ ಹಿಂದೆ ಹಣ್ಣಾದದ್ದೆಂದು ಅವನಿಗಿಂತ ಚೆನ್ನಾಗಿ ಯಾರು ಬಲ್ಲರು? ಆ ಹುಳವನ್ನು ಅವಳ ಸೆರಗಿಗೇ ಹಾಕಿ, ಹೊರಗೆ ಹೋಗಿ ಕೂತ. ಅಂದು ಉಳಿದ ಹುಳವನ್ನು ಅತ್ತೆ ಸೊಸೆಯರೇ ಆರಿಸಿದರು.

ಅದಾದ ಮೇಲೆ ಒಂದೊಂದೇ ಶುರುವಾಯಿತು. ಬಾಗಿಲ ಪಕ್ಕ ಇಟ್ಟ ಕ್ರೇಟಿಗೆ ಎಡವಿ ಮೊಣಕಾಲು ಒಡೆದುಕೊಂಡ. ರಸ್ತೆ ದಾಟುವಾಗ ಬಲಗಡೆಯಿಂದ ಬಂದ ಬೈಕಿನವನು ಬೈದು ಹೋದ. ಯಾರಾದರೂ ಬಲಗಡೆ ಬಂದು ಕೂತರೆ, ಅವರು ಮಾತಾಡುವವರೆಗೆ ಅವನಿಗೆ ಗೊತ್ತಾಗುತ್ತಿರಲಿಲ್ಲ. ಅಕ್ಕಪಕ್ಕದ ಊರಿನವರು ಬಂದು ಕರೆಯುವುದು ನಿಂತಿತು. ಯಾರೂ ಏನೂ ಹೇಳಲಿಲ್ಲ, ಸುಮ್ಮನೆ ಬರಲಿಲ್ಲ.

ಆದರೂ ಆಸ್ಪತ್ರೆಯಲ್ಲಿ ಒತ್ತಡ ಮಾತ್ರ ಹದಿನಾರೇ.

ಎರಡನೆಯ ವರ್ಷ ಬೋಗುಣಿಯ ಪರೀಕ್ಷೆ ಮತ್ತೆ ಮಾಡಿದಾಗ ಡಾಕ್ಟರು ಹಾಳೆಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು. ಹಳೆಯ ಹಾಳೆಯನ್ನು ಪಕ್ಕದಲ್ಲಿಟ್ಟು ನೋಡಿದಳು. ನರದ ಚಿತ್ರ ತೆಗೆಸಿ ಅದನ್ನೂ ನೋಡಿದಳು. ಬಲಗಣ್ಣು ಪೂರಾ ಕಪ್ಪಾಗಿತ್ತು, ನಡುವೆ ಒಂದು ಬಿಳಿ ಚುಕ್ಕೆಯಷ್ಟು ಬಿಟ್ಟು. ಎಡಗಣ್ಣಿನ ಕಪ್ಪು ಎರಡು ಕಡೆಯಿಂದಲೂ ಒಳಕ್ಕೆ ಬರುತ್ತಿತ್ತು.

"ನನಗೆ ಅರ್ಥ ಆಗ್ತಿಲ್ಲ" ಎಂದಳು. ಡಾಕ್ಟರು ಹಾಗೆನ್ನುವುದನ್ನು ಅಪ್ಪಾಜಪ್ಪ ಕೇಳಿದ್ದು ಅದೇ ಮೊದಲು. "ಬಂದಾಗೆಲ್ಲ ಒತ್ತಡ ಸರಿಯಾಗೇ ಇದೆ. ಆದ್ರೂ ನರ ಹೋಗ್ತಾ ಇದೆ. ಕೆಲವರಿಗೆ ದಿನದಲ್ಲಿ ಬೇರೆ ಬೇರೆ ಹೊತ್ತಲ್ಲಿ ಏರ್ತದೆ. ಒಂದು ದಿನ ಇಲ್ಲೇ ಕೂರಿಸಿಕೊಂಡು ಬೆಳಿಗ್ಗೆಯಿಂದ ಸಂಜೆವರೆಗೆ ಅಳೀಬೇಕು. ಇಲ್ಲಾಂದ್ರೆ ಆಪರೇಷನ್ ಯೋಚನೆ ಮಾಡಬೇಕು. ಹನಿ ಒಂದು ಹೊತ್ತೂ ತಪ್ಪಿಸ್ತಿಲ್ಲ ತಾನೇ?"

"ಇಲ್ಲಮ್ಮ" ಎಂದ ಅಪ್ಪಾಜಪ್ಪ.

"ನಾನೇ ಹಾಕೋದು ತಾಯಿ" ಎಂದಳು ಆವಲಮ್ಮ. ಗಂಡನ ಮೇಲೆ ಯಾರೋ ಸಂಶಯಪಟ್ಟಂತಾಗಿ ಅವಳಿಗೆ ಕೊಂಚ ಬೇಸರವಾಗಿತ್ತು. "ಒಂದ್ ಹನಿ ಕೆಳಗೆ ಬೀಳಿಸಲ್ಲ ನಾನು. ಅಂಗಡಿಯೋನೇ ಹೇಳ್ತಾನೆ, ಬೇರೆಯೋರು ತಿಂಗಳು ತಿಂಗಳು ಬಂದು ತಗೋತಾರೆ, ನಿಮ್ಮ ಕೈ ಬಾಳ ಹಿಡಿತ ಕಣಮ್ಮ ಅಂತ. ನಮ್ದು ಒಂದು ಬಾಟ್ಲು ಎರಡು ಬೆಳೆ ಬರ್ತದೆ. ಒಂದೊಂದ್ಸಲ ಮೂರು."

ಡಾಕ್ಟರ ಕೈಯಲ್ಲಿದ್ದ ಪೆನ್ನು ನಿಂತಿತು.

"ಬೆಳೆ ಅಂದ್ರೆ?"

"ಹುಳದ ಬೆಳೆ ತಾಯಿ. ಗೂಡು ಆದ್ಮೇಲಿಂದ ಮತ್ತೆ ಹುಳ ಬರೋವರೆಗೆ ಹಾಕ್ತೀವಲ್ಲ."

"ಹುಳ ಇದ್ದಾಗ?"

ಆವಲಮ್ಮ ಗಂಡನ ಮುಖ ನೋಡಿದಳು. ಇದೇನು ಕೇಳುವ ಮಾತು ಎಂಬ ಹಾಗೆ. "ಹುಳ ಇದ್ದಾಗ ಔಷಧಿ ಹೆಂಗ್ ಹಾಕೋದು? ಹುಳ ಸಾಯ್ತವಲ್ಲ."

ಹೊರಗೆ ಯಾರದೋ ಹೆಸರು ಕೂಗುತ್ತಿದ್ದರು. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅಪ್ಪಾಜಪ್ಪನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು. ಅವಳು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಹುಳ ಮನೆಯಲ್ಲಿ ಎಷ್ಟು ದಿನ ಇರುತ್ತದೆ, ಗೂಡು ಯಾವಾಗ ಬಿಡಿಸುತ್ತಾರೆ, ಆಸ್ಪತ್ರೆಗೆ ಯಾವಾಗ ಬರುತ್ತಾರೆ ಎಂದು ಒಂದೊಂದಾಗಿ ಕೇಳಿದಳು. ಅವನು ಒಂದೊಂದಕ್ಕೂ ಉತ್ತರ ಕೊಟ್ಟ. ಕೊಡುತ್ತ ಕೊಡುತ್ತ ಅವನಿಗೇ ಎಲ್ಲ ಗೊತ್ತಾಗುತ್ತ ಹೋಯಿತು. ಕೊನೆಯ ಉತ್ತರ ಕೊಡುವಷ್ಟರಲ್ಲಿ ಅವನ ದನಿ ಇಳಿದಿತ್ತು.

"ತಾತ, ನೀವು ಹನಿ ಹಾಕಿಕೊಂಡು ಬರೋ ದಿನ ಮಾತ್ರ ನಾನು ಅಳೀತಿದ್ದೆ" ಎಂದಳು ಡಾಕ್ಟರು. "ಹಾಕದೆ ಇದ್ದ ದಿನಗಳಲ್ಲಿ ಅದು ಮೂವತ್ತರ ಮೇಲೇ ಇದ್ದಿರಬೇಕು. ನಾನೂ ಬಾಟ್ಲಿ ಲೆಕ್ಕ ಕೇಳಬೇಕಿತ್ತು."

"ಬಲಗಣ್ಣು?"

"ಬಲಗಣ್ಣು ಬರಲ್ಲ."

"ಎಡಗಣ್ಣು?"

"ಉಳಿದಿರೋದನ್ನ ಹಿಡ್ಕೊಳ್ಳೋಣ. ಇನ್ನು ಒಂದು ಹೊತ್ತೂ ಬಿಡಬಾರದು. ಹನಿ ಹಾಕಿ, ಕಣ್ಣು ಮುಚ್ಚಿ, ಮೂಗಿನ ಹತ್ರ ಬೆರಳಲ್ಲಿ ಅದುಮಿ ಹಿಡೀರಿ, ಹೊರಗೆ ಇಳಿಯಲ್ಲ. ಕೈ ಸೋಪಲ್ಲಿ ತೊಳ್ಕೊಳ್ಳಿ. ಹುಳದ ವಿಷಯ ನನಗೆ ಗೊತ್ತಿಲ್ಲ ತಾತ. ಕಣ್ಣಿನ ವಿಷಯ ಗೊತ್ತು. ಬಿಟ್ರೆ ಇದೂ ಹೋಗ್ತದೆ."

ಬಸ್ಸಿನಲ್ಲಿ ಅಪ್ಪಾಜಪ್ಪ ಕಿಟಕಿಯ ಪಕ್ಕ ಕೂತ. ಆವಲಮ್ಮ ಅವನ ಬಲಗಡೆ ಕೂತು ಸದ್ದಿಲ್ಲದೆ ಅಳುತ್ತಿದ್ದಳು. ಅವಳು ಅಳುತ್ತಿದ್ದದ್ದು ಅವನಿಗೆ ಕಾಣಲಿಲ್ಲ. ಊರು ಹತ್ತಿರ ಬಂದಾಗ ಅವಳ ಸೆರಗು ಕೈಗೆ ತಾಕಿತು, ಒದ್ದೆಯಾಗಿತ್ತು.

"ನಾನಾದ್ರೂ ಕೇಳ್ಬೇಕಿತ್ತು" ಎಂದಳು ಅವಳು.

"ನೀನೇನ್ ಕೇಳ್ತಿದ್ದೆ. ನಾನೇ ಬೇಡ ಅಂದೋನು."

ಮುಂದಿನ ಹುಳ ಬಂದಾಗ ಅವನು ಹುಳದ ಮನೆಯ ಬಾಗಿಲಿಗೂ ಹೋಗಲಿಲ್ಲ. ಬಾಟಲಿ ಅಟ್ಟಕ್ಕೆ ಏರಲಿಲ್ಲ, ಅವನೂ ಊರ ಮನೆ ಬಿಟ್ಟು ಕದಲಲಿಲ್ಲ. ಮುನೇಶ್ ಬಂದು ಕರೆದ.

"ಬಾಪ್ಪಾ, ಸುಮ್ನೆ ಬಂದು ಕೂತ್ಕೊ. ಯಾಕೆ ಹಿಂಗ್ ಮಾಡ್ತೀಯಾ?"

"ಔಷಧಿ ಕಣ್ಣು ಕಣೋ. ಬೇಡ. ಬೆಳೆ ಹೋದ್ರೆ ನಿನ್ನ ಮಕ್ಕಳ ಮುಖ ನೋಡೋಕಾಗಲ್ಲ ನಂಗೆ."

ಅವನ ಮನಸ್ಸಿನೊಳಗೆ ಇನ್ನೊಂದು ಇತ್ತು, ಅದನ್ನು ಮಗನಿಗೆ ಹೇಳಲಿಲ್ಲ. ಹೋದದ್ದು ಹೋಯಿತು. ಆದರೆ ಹೋದದ್ದಕ್ಕೆ ಒಂದು ಬೆಲೆಯಾದರೂ ಇತ್ತು. ಇಷ್ಟು ಬೆಳೆ ಉಳಿಯಿತು, ಅಪ್ಪನ ಹಾಗೆ ಗುಂಡಿ ತೋಡಲಿಲ್ಲ, ತನ್ನ ಕಣ್ಣು ಕೊಟ್ಟು ಹುಳ ಉಳಿಸಿಕೊಂಡೆ. ಈ ಒಂದು ಯೋಚನೆಯನ್ನು ಅವನು ಕತ್ತಲಲ್ಲಿ ಗೋಡೆ ಹಿಡಿದ ಹಾಗೆ ಹಿಡಿದುಕೊಂಡಿದ್ದ.

ಹುಳ ನಾಲ್ಕನೆಯ ಜ್ವರ ಎದ್ದಿತು. ಮೇಯುವ ಅಬ್ಬರ ಹೆಚ್ಚಾಯಿತು. ಆಳು ಸಿಗಲಿಲ್ಲ, ಮುನೇಶ್ ಮತ್ತು ಶ್ಯಾಮಲಾ ಸೊಪ್ಪು ಕೊಯ್ಯುವುದರಲ್ಲೇ ಸುಸ್ತಾದರು. ಒಂದು ಬೆಳಿಗ್ಗೆ ಆವಲಮ್ಮ ಎಂದಿನಂತೆ ಗಂಡನ ಎರಡು ಕಣ್ಣಿಗೂ ಹನಿ ಹಾಕಿದಳು. ಆಮೇಲೆ ಅವನ ಕೈ ಹಿಡಿದು ಎಬ್ಬಿಸಿದಳು.

"ನಡಿ."

"ಎಲ್ಲಿಗೆ?"

"ಹುಳದ ಮನೆಗೆ."

"ತಲೆ ಕೆಟ್ಟಿದ್ಯೇನೇ? ಈಗ ತಾನೇ ಹಾಕಿದ್ದೀಯ!"

"ಹಾಕಿದ್ದೀನಿ. ಕೈ ತೊಳ್ಕೊ, ನಡಿ. ಸತ್ರೆ ಸಾಯಲಿ. ನಿನ್ನ ಮೂಲೇಲಿ ಕೂರಿಸಿ ನಾನು ಆ ಹುಳ ಮೇಯಿಸಲ್ಲ."

ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅವನಿಗೆ ನೆನಪಿರಲಿಲ್ಲ. ಅವನು ಹೋದ. ಸೋಂಕು ಬಾರದಿರಲೆಂದು ಬಾಗಿಲಲ್ಲಿ ಹರಡಿದ್ದ ಸುಣ್ಣದ ಪುಡಿ ತುಳಿದು ಒಳಗೆ ಕಾಲಿಟ್ಟ. ಉಳಿದ ಒಂದು ಕಿಂಡಿಯಷ್ಟು ನೋಟದಲ್ಲಿ ಹಸಿರು ರೆಂಬೆಯ ಮೇಲೆ ಬಿಳಿಯ ಹುಳ ಅಲೆಯಲೆಯಾಗಿ ಆಡುವುದು ಕಂಡಿತು. ಅವನು ಕೈ ಚಾಚಿದ, ಹಿಂದಕ್ಕೆ ತೆಗೆದ, ಮತ್ತೆ ಚಾಚಿದ. ರೆಂಬೆ ಹಾಕಿದ. ಕಿರಿದಾದ ಮರಿಯನ್ನು ಬದಿಗಿಟ್ಟ. ಸಾಲಿನ ಕೊನೆಯವರೆಗೂ ಮೈ ಬೆವರುತ್ತ ಕೆಲಸ ಮಾಡಿದ.

ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ತಾನು ಮುಟ್ಟಿದ ಸಾಲಿನ ಮುಂದೆ ಬಗ್ಗಿ ನಿಂತ. ಹಸಿರು ಕಕ್ಕಿದ ಹುಳ ಇದೆಯೇ ಎಂದು ಮುಖವನ್ನು ಸೊಪ್ಪಿಗೆ ತಾಗಿಸುವಷ್ಟು ಹತ್ತಿರ ತಂದು ಅಂಗುಲ ಅಂಗುಲ ಹುಡುಕಿದ. ಒಂದೂ ಇರಲಿಲ್ಲ. ಅದರ ಮಾರನೆಯ ದಿನವೂ ಹುಡುಕಿದ. ದಿನವೂ ಹನಿ ಬಿದ್ದಿತು, ದಿನವೂ ಅವನ ಕೈ ಹುಳಕ್ಕೆ ಹೋಯಿತು. ಹುಳಗಳು ದಪ್ಪನಾಗಿ, ಗಬಗಬ ಮೇಯ್ದವು. ಹಣ್ಣಾದವು. ಚಂದ್ರಿಕೆ ಹತ್ತಿದವು.

ಗೂಡು ಬಿಡಿಸುವ ದಿನ ಶ್ಯಾಮಲಾ ಹಿಡಿ ತುಂಬ ಗೂಡು ತಂದು ಅವನ ಬೊಗಸೆಗೆ ಸುರಿದಳು. ಸಂತೋಷದಲ್ಲಿ ಅವಳ ದನಿ ಎತ್ತರವಾಗಿತ್ತು.

"ನೋಡಿ ಮಾವ, ಎಷ್ಟು ಗಟ್ಟಿ ಇದೆ! ಒಂದ್ ಹುಳಾನೂ ಹೋಗಿಲ್ಲ. ನೀವು ಮುಟ್ಟಿದ ಸಾಲಿನದೇ ಇದು. ಸುಮ್ನೆ ಹೆದರ್ಕೊಂಡಿದ್ರಿ ಇಷ್ಟು ವರ್ಷ."

ಅಪ್ಪಾಜಪ್ಪ ಗೂಡನ್ನು ಬೆರಳಲ್ಲಿ ಅದುಮಿ ನೋಡಿದ. ಹೌದು, ಗಟ್ಟಿ. ಕಿವಿಯ ಹತ್ತಿರ ಅಲ್ಲಾಡಿಸಿದ, ಒಳಗಿನ ಹುಳ ಟಕ್ ಎಂದಿತು. ಇಂಥ ಗೂಡು ಅವರ ಮನೆಯಲ್ಲಿ ಆಗಿ ಬಹಳ ಕಾಲವಾಗಿತ್ತು. ಅವನು ಅದನ್ನು ಮಂಕರಿಗೆ ಹಾಕಿ, ಬಾಗಿಲ ಚೌಕಟ್ಟು ತಡವಿಕೊಂಡು ಹೊರಗೆ ಹೋದ.

ಆವಲಮ್ಮ ಹುಡುಕಿಕೊಂಡು ಬಂದಾಗ ಅವನು ಕೊಯ್ದ ಹಿಪ್ಪುನೇರಳೆ ಸಾಲಿನ ನಡುವೆ, ಬರಿಯ ಮೋಟುಗಳ ನಡುವೆ, ನೆಲದ ಮೇಲೆ ಕೂತಿದ್ದ. ಅವಳು ಅವನ ಎಡಗಡೆಗೆ ಬಂದು ಕೂತಳು. ಈಗೀಗ ಅವಳಿಗೂ ಅಭ್ಯಾಸವಾಗಿತ್ತು.

"ಎಲ್ರೂ ಒಳಗೆ ಖುಷಿಯಾಗಿದ್ದಾರೆ. ನೀನ್ಯಾಕಯ್ಯೋ ಇಲ್ಲಿ?"

ಅವನು ಮಣ್ಣಿನ ಹೆಂಟೆಯೊಂದನ್ನು ಹಿಸುಕಿ ಪುಡಿ ಮಾಡಿದ.

"ಒಂದ್ ನಾಲ್ಕು ಹುಳ ಸಾಯ್ಬಾರದಾಗಿತ್ತೇನೇ?"

ಆವಲಮ್ಮನಿಗೆ ಅರ್ಥವಾಯಿತು. ಅರ್ಥವಾಗದಿದ್ದರೆ ಏನಾದರೂ ಸಮಾಧಾನ ಹೇಳುತ್ತಿದ್ದಳು.

"ಬೇಡ, ಎರಡು" ಎಂದ ಅವನು. "ಎರಡು ಸತ್ತಿದ್ರೂ ಸಾಕಾಗಿತ್ತು ನಂಗೆ."

ಹುಳದ ಮನೆಯಿಂದ ಮೊಮ್ಮಕ್ಕಳ ಗಲಾಟೆ ಕೇಳುತ್ತಿತ್ತು. ಮುನೇಶ್ ಯಾರಿಗೋ ಫೋನಿನಲ್ಲಿ ಗೂಡು ಹೇಗಾಗಿದೆ ಎಂದು ಹೇಳುತ್ತಿದ್ದ. ಹೊತ್ತು ಇಳಿಯುತ್ತಿತ್ತು. ಆವಲಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಬಾಟಲಿ ತೆಗೆದು, ಅವನ ಗದ್ದ ಹಿಡಿದು ತಲೆಯನ್ನು ಹಿಂದಕ್ಕೆ ಬಾಗಿಸಿದಳು. ಎಡಗಣ್ಣಿಗೆ ಹನಿ ಹಾಕಿದಳು. ಬಲಗಣ್ಣಿಗೆ ಹಾಕುವಾಗ ಅವಳ ಕೈ ಒಂದು ಕ್ಷಣ ತಡೆಯಿತು.

"ಅದಕ್ಕೂ ಹಾಕು" ಎಂದ ಅಪ್ಪಾಜಪ್ಪ. "ಬಿಡಬಾರದು ಅಂದಿದ್ದಾಳೆ."